ಬಂದ ಕಸಿನ್ ಯಾರು? ಭಾಷೆಗಳು ನಮ್ಮಿಂದ ಹೇಳಿಸಿಯೇ ತೀರುವ ಸಂಗತಿಗಳು

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಏಳನೆಯ ತರಗತಿಯಲ್ಲಿರುವ ಮಗಳಿಗೆ ‘ಮೈ ಕಸಿನ್ ಕೇಮ್ ಯೆಸ್ಟರ್‌ಡೇ’ ಎಂಬ ವಾಕ್ಯವನ್ನು ಕನ್ನಡಕ್ಕೆ ಅನುವಾದಿಸಲು ಕೊಟ್ಟಿದ್ದರು. ನಾವಿಬ್ಬರೂ ಕೂತು ಅರ್ಧ ಗಂಟೆ ಯೋಚಿಸಿದರೂ ಒಪ್ಪುವಂಥ ವಾಕ್ಯ ಹೊಳೆಯಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ ಮಾತನಾಡುವವರಿದ್ದಾರೆ. ಭಾಷೆಗಳ ವ್ಯತ್ಯಾಸವೆಂದರೆ ಪದಗಳ ವ್ಯತ್ಯಾಸ ಎಂದುಕೊಂಡಿದ್ದೆ. ಇಲ್ಲಿ ಬಡವಾಗಿರುವುದು ಇಂಗ್ಲಿಷೋ, ಅಥವಾ ಕನ್ನಡವೇ ಸುಮ್ಮನೆ ತೊಡಕಾಗಿದೆಯೋ? ಎಡ, ಬಲ ಎಂಬ ಮಾತನ್ನೇ ಬಳಸದ ಭಾಷೆಯೊಂದಿದೆ ಎಂದು ಮಗಳು ಕೇಳಿ ಬಂದಿದ್ದಾಳೆ, ಅದು ನಿಜವೇ?

ಉತ್ತರ: ನೀವಿಬ್ಬರೂ ಕಳೆದ ಆ ಅರ್ಧ ಗಂಟೆಯಲ್ಲಿ ಭಾಷಾವಿಜ್ಞಾನದ ಒಂದು ಮುಖ್ಯ ಸಂಗತಿಯನ್ನು ಸ್ವತಃ ಕಂಡುಕೊಂಡಿದ್ದೀರಿ. ಆ ಇಂಗ್ಲಿಷ್ ವಾಕ್ಯದಲ್ಲಿರುವಷ್ಟೇ ಮಾಹಿತಿಯನ್ನು ಇಟ್ಟುಕೊಂಡು ಅದನ್ನು ಕನ್ನಡಕ್ಕೆ ತರುವುದು ಯಾರಿಂದಲೂ ಆಗದು. ಬಂದವರು ಗಂಡೋ ಹೆಣ್ಣೋ ಎಂಬುದು ಮೊದಲು ಗೊತ್ತಾಗಬೇಕು. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳಾದರೆ, ನಿಮ್ಮ ಮಗಳಿಗಿಂತ ಹಿರಿಯರೋ ಕಿರಿಯರೋ ನೋಡಿಕೊಂಡು ಅಣ್ಣ, ತಮ್ಮ, ಅಕ್ಕ, ತಂಗಿ ಎನ್ನಬೇಕು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳಾದರೆ ವಾಡಿಕೆಯಂತೆ ಆ ನಾಲ್ಕು ಪದಗಳು ಸಲ್ಲುವುದಿಲ್ಲ; ಅತ್ತೆಯ ಮಗ, ಮಾವನ ಮಗಳು ಎನ್ನಬೇಕು, ಇಲ್ಲವೇ ಹಳೆಯ ಮನೆಗಳಲ್ಲಿ ಇಂದಿಗೂ ಕರೆಯುವಂತೆ ಭಾವ, ಅತ್ತಿಗೆ ಎನ್ನಬೇಕು. ದಕ್ಷಿಣ ಭಾರತದ ಬಹಳಷ್ಟು ಸಮುದಾಯಗಳಲ್ಲಿ ಎರಡನೆಯ ಗುಂಪಿನೊಳಗೆ ಹೆಣ್ಣು ತರುವ, ಕೊಡುವ ವಾಡಿಕೆ ಇತ್ತು, ಮೊದಲ ಗುಂಪು ಮಾತ್ರ ಒಡಹುಟ್ಟಿದವರಿಗೆ ಸಮಾನ. ನಮ್ಮ ಬಂಧುವಾಚಕಗಳ ನಡುವಿನ ಗೆರೆ ಹೋಗುವುದು ಅದೇ ಜಾಗದಲ್ಲಿ. ಇಷ್ಟೆಲ್ಲ ತೀರ್ಮಾನವಾದ ಮೇಲೂ ಕ್ರಿಯಾಪದ ಕಾದು ಕೂತಿರುತ್ತದೆ: ಬಂದ, ಬಂದಳು, ಬಂದರು. ಹತ್ತು ವರ್ಷ ಹಿರಿಯ ಅಣ್ಣನನ್ನು ‘ಬಂದ’ ಎನ್ನುವ ಮನೆಗಳೂ ಇವೆ, ‘ಬಂದರು’ ಎಂದೇ ಹೇಳಬೇಕಾದ ಮನೆಗಳೂ ಇವೆ.

ಹಾಗೆಂದು ಇಂಗ್ಲಿಷ್ ಬಡವಾಗಿದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ದಾರಿಯನ್ನು ತಿರುಗಿಸಿ ನೋಡಬೇಕು. ‘ಮಾವಿನಹಣ್ಣು ತಂದೆ’ ಎಂಬ ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ನಿಮ್ಮ ಮಗಳು ಎರಡು ಪ್ರಶ್ನೆ ಕೇಳಲೇಬೇಕಾಗುತ್ತದೆ. ತಂದದ್ದು ಒಂದು ಹಣ್ಣೋ, ಹಲವೋ? ಈ ಮೊದಲೇ ಮಾತಿಗೆ ಬಂದಿದ್ದ ಹಣ್ಣೋ, ಹೊಸದಾಗಿ ಪ್ರಸ್ತಾಪವಾಗುತ್ತಿರುವ ಯಾವುದೋ ಹಣ್ಣೋ? ಈ ಎರಡನ್ನೂ ಕನ್ನಡದಲ್ಲಿ ಹೇಳಬಹುದು, ಬೇಕೆನಿಸಿದಾಗ ಹೇಳುತ್ತೇವೆ. ಹೇಳದೆ ಬಿಟ್ಟರೆ ವಾಕ್ಯ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹೇಳದೆ ಬಿಟ್ಟರೆ ವಾಕ್ಯವೇ ಆಗುವುದಿಲ್ಲ. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1959ರಲ್ಲಿ ಅನುವಾದವನ್ನು ಕುರಿತು ಬರೆಯುತ್ತಾ ಇದನ್ನೇ ಸ್ಪಷ್ಟವಾಗಿ ಮುಂದಿಟ್ಟರು: ಏನನ್ನು ಹೇಳಬಹುದು ಎಂಬುದರಲ್ಲಿ ಭಾಷೆಗಳು ಅಷ್ಟಾಗಿ ಬೇರೆಯಾಗುವುದಿಲ್ಲ, ಏನನ್ನು ಹೇಳಲೇಬೇಕು ಎಂಬುದರಲ್ಲಿ ಬೇರೆಯಾಗುತ್ತವೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಒಂದೊಂದು ಭಾಷೆಯೂ ತನ್ನನ್ನಾಡುವವರಿಂದ ಒಂದೊಂದು ಬಗೆಯ ಲೆಕ್ಕ ಕೇಳುತ್ತದೆ, ಮತ್ತು ಜಗತ್ತಿನ ಸುಮಾರು 7,000 ಭಾಷೆಗಳು ಕೇಳುವ ಲೆಕ್ಕಗಳು ನಾವು ಊಹಿಸುವುದಕ್ಕಿಂತ ಬಹಳ ವಿಚಿತ್ರವಾಗಿವೆ.

ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯುವಷ್ಟರಲ್ಲೇ ಇದರ ಉದಾಹರಣೆಗಳು ಸಿಗುತ್ತವೆ. ‘ನಾಳೆ ನಾವು ತಿರುಪತಿಗೆ ಹೋಗುತ್ತಿದ್ದೇವೆ’ ಎಂದು ನಿಮ್ಮ ಓರಗಿತ್ತಿ ಫೋನಿನಲ್ಲಿ ಹೇಳಿದರೆ, ಆ ‘ನಾವು’ ಎಂಬುದರಲ್ಲಿ ನೀವು ಸೇರಿದ್ದೀರೋ ಇಲ್ಲವೋ ಎಂಬುದು ಆ ಪದದಿಂದ ತಿಳಿಯದು, ‘ಯಾರ್ಯಾರು?’ ಎಂದು ಕೇಳಬೇಕಾಗುತ್ತದೆ. ಇದೇ ಮಾತು ತಮಿಳಿನಲ್ಲಿ ಬಂದರೆ ಗೊಂದಲವೇ ಇಲ್ಲ. ಕೇಳುವವರನ್ನು ಬಿಟ್ಟು ನಾವಷ್ಟೇ ಎಂಬುದಕ್ಕೆ ‘ನಾಂಗಳ್’, ಅವರನ್ನೂ ಸೇರಿಸಿಕೊಂಡರೆ ‘ನಾಮ್’. ತೆಲುಗಿನಲ್ಲಿ ‘ಮೇಮು’ ಮತ್ತು ‘ಮನಮು’. ತುಳುವಿನಲ್ಲಿ ‘ಎಂಕುಳು’ ಮತ್ತು ‘ನಮ’. ಇದು ದ್ರಾವಿಡ ಭಾಷೆಗಳಿಗೆ ಮಾತ್ರ ಸೀಮಿತವಾದ ಗುಣ ಎನ್ನೋಣವೆಂದರೆ ಮರಾಠಿಯಲ್ಲಿ ‘ಆಮ್ಹೀ’ ಮತ್ತು ‘ಆಪಣ್’ ಎಂದು, ಗುಜರಾತಿಯಲ್ಲಿ ‘ಅಮೇ’ ಮತ್ತು ‘ಆಪಣೇ’ ಎಂದು ಇದೇ ಭೇದವಿದೆ. ಸುತ್ತಮುತ್ತಲಿನ ಇಷ್ಟು ಭಾಷೆಗಳು ಕಡ್ಡಾಯವಾಗಿ ಕೇಳುವ ಪ್ರಶ್ನೆಯನ್ನು ನಡುವಿನಲ್ಲಿ ನಿಂತಿರುವ ಇಂದಿನ ಕನ್ನಡ ಕೇಳುವುದಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಈ ಭೇದದ ಬಿಗಿಯನ್ನು ತೋರಿಸಲು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕೊಡುವ ಉದಾಹರಣೆ ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆಯದು. ತೋಟಗಳಲ್ಲಿ, ಬಂದರುಗಳಲ್ಲಿ ಬೇರೆ ಬೇರೆ ಭಾಷೆಗಳವರು ಒಟ್ಟಿಗೆ ದುಡಿಯುವಾಗ ಹುಟ್ಟಿಕೊಂಡ ಈ ಭಾಷೆ ತನ್ನ ಪದಗಳಲ್ಲಿ ಬಹುಪಾಲನ್ನು ಇಂಗ್ಲಿಷಿನಿಂದ ಪಡೆಯಿತು. ಆದರೆ ಇಂಗ್ಲಿಷಿನ ಒಂದೇ ಒಂದು ‘ವೀ’ ಅಲ್ಲಿನ ಜನರಿಗೆ ಸಾಲಲಿಲ್ಲ. ‘ಯು’ ಮತ್ತು ‘ಮಿ’ ಸೇರಿಸಿ ‘ಯುಮಿ’ ಎಂದು, ಅಂದರೆ ನೀನೂ ನಾನೂ ಸೇರಿದ ನಾವು ಎಂದು ಒಂದು ಪದ ಮಾಡಿಕೊಂಡರು; ಕೇಳುವವನನ್ನು ಬಿಟ್ಟ ನಾವು ಎಂಬುದಕ್ಕೆ ‘ಮಿಪೆಲಾ’ ಎಂಬ ಇನ್ನೊಂದನ್ನು ಕಟ್ಟಿಕೊಂಡರು. ಪದಗಳು ಹೊರಗಿನಿಂದ ಬಂದವು, ಲೆಕ್ಕ ಮಾತ್ರ ತಮ್ಮ ಮನೆಯದನ್ನೇ ಉಳಿಸಿಕೊಂಡರು.

ಲಿಂಗದ ವಿಷಯಕ್ಕೆ ಬಂದರೆ, ಕನ್ನಡದ ವ್ಯವಸ್ಥೆ ಅರ್ಥವನ್ನು ಅನುಸರಿಸುವಂಥದು ಎಂದು ನಾವು ಹೆಮ್ಮೆಪಡುತ್ತೇವೆ: ಗಂಡಸರು, ಹೆಂಗಸರು, ಉಳಿದದ್ದೆಲ್ಲ. ಅಲ್ಲಿಯೂ ‘ಮಗು ಅಳುತ್ತಿದೆ’ ಎಂದು ಹಸುಗೂಸನ್ನು ಕಲ್ಲು, ಮರಗಳ ಜೊತೆಗೆ ಸೇರಿಸುತ್ತೇವೆ, ಹಾಗೆ ಸೇರಿಸಿದ್ದು ನಮಗೆ ತಿಳಿಯುವುದೇ ಇಲ್ಲ. ತೆಲುಗಿನ ಗೆರೆ ಇನ್ನೊಂದು ಜಾಗದಲ್ಲಿದೆ. ಏಕವಚನದಲ್ಲಿ ಗಂಡಸರದು ಒಂದು ಗುಂಪು. ಹೆಂಗಸರು, ಪ್ರಾಣಿಗಳು, ವಸ್ತುಗಳು ಕ್ರಿಯಾಪದದ ಮಟ್ಟಿಗೆ ಇನ್ನೊಂದು ಗುಂಪು. ಅವಳು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಬಹುವಚನಕ್ಕೆ ಹೋದೊಡನೆ ಆ ಗೆರೆ ಸರಿದು, ಹೆಂಗಸರು ಗಂಡಸರ ಜೊತೆ ಮನುಷ್ಯರ ಗುಂಪಿಗೆ ಸೇರುತ್ತಾರೆ. ಮನೆಯಲ್ಲಿ ತೆಲುಗು ಆಡುವವರು ಕನ್ನಡ ಕಲಿಯುವಾಗ ‘ಅವಳು ಬಂತು’ ಎಂದರೆ ಅದರಲ್ಲಿ ಅಗೌರವವಿಲ್ಲ. ಒಂದು ಭಾಷೆಯ ಗೆರೆಯನ್ನು ಇನ್ನೊಂದರ ಮೇಲೆ ಇಟ್ಟು ಓದಿದ್ದಾರೆ, ಅಷ್ಟೆ. ಹಿಂದಿಯಲ್ಲಿ ಕನ್ನಡಿಗರು ಮಾಡುವ ತಪ್ಪೂ ಇದೇ ಬಗೆಯದು. ರಾಮ ರೊಟ್ಟಿ ತಿಂದ ಎನ್ನಲು ‘ರಾಮ್ ನೇ ರೋಟೀ ಖಾಯೀ’ ಎನ್ನಬೇಕು. ಅಲ್ಲಿ ಕ್ರಿಯಾಪದ ಸ್ತ್ರೀಲಿಂಗವನ್ನು ತಾಳುವುದು ರೊಟ್ಟಿಗಾಗಿ; ತಿಂದವನಿಗೆ ‘ನೇ’ ಅಂಟಿಕೊಂಡು ಅವನು ಕ್ರಿಯಾಪದದ ಹಿಡಿತದಿಂದ ಹೊರಗೆ ನಿಲ್ಲುತ್ತಾನೆ. ತಿನ್ನುತ್ತಿದ್ದಾನೆ, ತಿನ್ನುತ್ತಾನೆ ಎನ್ನುವಾಗ ಈ ಏರ್ಪಾಡು ಮಾಯವಾಗಿ, ಕ್ರಿಯಾಪದ ಮತ್ತೆ ರಾಮನನ್ನೇ ಹಿಂಬಾಲಿಸುತ್ತದೆ.

ಇನ್ನೂ ದೂರ ಹೋದರೆ ಲಿಂಗ ಎಂಬ ಪದವೇ ಹೊಂದುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ದ್ಯಿರ್ಬಲ್ ಭಾಷೆಯಲ್ಲಿ ನಾಮಪದಗಳಿಗೆ ನಾಲ್ಕು ವರ್ಗಗಳಿವೆ. ಗಂಡಸರು ಮತ್ತು ಹೆಚ್ಚಿನ ಪ್ರಾಣಿಗಳು ಒಂದರಲ್ಲಿ, ಹೆಂಗಸರು, ನೀರು, ಬೆಂಕಿ, ಕಾಳಗ ಇನ್ನೊಂದರಲ್ಲಿ, ತಿನ್ನಬಹುದಾದ ಹಣ್ಣು, ಗೆಡ್ಡೆಗಳು ಮೂರನೆಯದರಲ್ಲಿ, ಉಳಿದದ್ದು ನಾಲ್ಕನೆಯದರಲ್ಲಿ. ಇದನ್ನು ವಿವರವಾಗಿ ದಾಖಲಿಸಿದ ಆರ್. ಎಂ. ಡಬ್ಲ್ಯೂ. ಡಿಕ್ಸನ್ ಅವರು ಸೂರ್ಯ ಹೆಂಗಸರ ವರ್ಗದಲ್ಲಿಯೂ ಚಂದ್ರ ಗಂಡಸರ ವರ್ಗದಲ್ಲಿಯೂ ಇರುವುದಕ್ಕೆ ಅಲ್ಲಿನ ಪುರಾಣಕಥೆಗಳಲ್ಲಿ ಕಾರಣ ಕಂಡರು: ಅವರ ಕಥೆಗಳಲ್ಲಿ ಚಂದ್ರ ಗಂಡ, ಸೂರ್ಯ ಹೆಂಡತಿ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಹತ್ತಕ್ಕೂ ಹೆಚ್ಚು ವರ್ಗಗಳಿದ್ದು, ಪ್ರತಿ ವರ್ಗಕ್ಕೂ ಪದದ ಮೊದಲಲ್ಲಿ ಒಂದು ಗುರುತಿರುತ್ತದೆ. ಏಕವಚನದಲ್ಲಿ ‘ಕಿ’ ಇರುವ ಗುಂಪಿಗೆ ಬಹುವಚನದಲ್ಲಿ ‘ವಿ’ ಬರುತ್ತದೆ. ಅರಬ್ಬಿಯ ‘ಕಿತಾಬ್’ ಅಲ್ಲಿಗೆ ಬಂದಾಗ ಅದರ ಮೊದಲ ಅಕ್ಷರವನ್ನೂ ಜನ ಅದೇ ಗುರುತೆಂದು ತಿಳಿದರು; ಹೀಗಾಗಿ ಒಂದು ಪುಸ್ತಕ ‘ಕಿತಾಬು’, ಹಲವು ಪುಸ್ತಕಗಳು ‘ವಿತಾಬು’. ನಾವು ಇಂಗ್ಲಿಷಿನ ಬಸ್ಸನ್ನು ‘ಬಸ್ಸುಗಳು’ ಮಾಡಿಕೊಂಡದ್ದೂ ಇಂಥದೇ ಕೆಲಸ.

ಕನ್ನಡ ಕೇಳುವ ಲೆಕ್ಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಿಷೇಧದ್ದು, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿ ಬೇಡುತ್ತೇನೆ. ‘ಅವರು ಮನೆಯಲ್ಲಿ ಇಲ್ಲ’, ‘ಅವರು ಡಾಕ್ಟರ್ ಅಲ್ಲ’. ಇರುವಿಕೆಯನ್ನು ನಿರಾಕರಿಸುವುದು ಒಂದು, ಗುರುತನ್ನು ನಿರಾಕರಿಸುವುದು ಇನ್ನೊಂದು. ಇವೆರಡನ್ನು ನಾವು ಎಂದೂ ಬೆರೆಸುವುದಿಲ್ಲ. ಹಿಂದಿಗೆ ಎರಡಕ್ಕೂ ‘ನಹೀಂ’ ಸಾಕು, ಆದ್ದರಿಂದ ಬೆಂಗಳೂರಿಗೆ ಹೊಸದಾಗಿ ಬಂದವರು ‘ನಾನು ಡಾಕ್ಟರ್ ಇಲ್ಲ’ ಎನ್ನುತ್ತಾರೆ. ಇಂಡೋನೇಷ್ಯಾದವರು ಕನ್ನಡ ಕಲಿತರೆ ಈ ಜಾಗದಲ್ಲಿ ಅವರಿಗೆ ಅಷ್ಟು ಕಷ್ಟವಾಗದೆಂದು ತೋರುತ್ತದೆ, ಏಕೆಂದರೆ ಅವರ ಭಾಷೆಯೂ ನಾಮಪದವನ್ನು ನಿರಾಕರಿಸಲು ‘ಬುಕಾನ್’ ಎಂದೂ, ಕ್ರಿಯೆ ಮತ್ತು ಗುಣಗಳನ್ನು ನಿರಾಕರಿಸಲು ‘ತಿಡಾಕ್’ ಎಂದೂ ಎರಡು ಪದಗಳನ್ನು ಇಟ್ಟುಕೊಂಡಿದೆ.

ಇದಕ್ಕಿಂತ ಸೋಜಿಗದ್ದು ಹಳಗನ್ನಡದಿಂದ ಉಳಿದುಬಂದಿರುವ ನಿಷೇಧ ರೂಪ. ‘ಮಾಡಿದನು’, ‘ಮಾಡುವನು’, ‘ಮಾಡನು’ ಎಂಬ ಮೂರನ್ನು ಒಂದರ ಕೆಳಗೊಂದು ಬರೆದು ಬಿಡಿಸಿ ನೋಡಿ. ಮೊದಲನೆಯದರಲ್ಲಿ ಧಾತುವಿಗೂ ‘ಅನು’ ಎಂಬ ಕೊನೆಗೂ ನಡುವೆ ಭೂತಕಾಲವನ್ನು ಸೂಚಿಸುವ ತುಂಡಿದೆ, ಎರಡನೆಯದರಲ್ಲಿ ಭವಿಷ್ಯತ್ತನ್ನು ಸೂಚಿಸುವ ತುಂಡಿದೆ. ಮೂರನೆಯದರಲ್ಲಿ ನಡುವೆ ಏನೂ ಇಲ್ಲ. ‘ಇಲ್ಲ’ ಎಂಬ ಅರ್ಥ ಕೊಡುವ ಯಾವ ಅಕ್ಷರವೂ ಅಲ್ಲಿಲ್ಲ. ಕಾಲವನ್ನು ತೆಗೆದುಹಾಕಿದ್ದೇ ನಿಷೇಧವಾಗಿದೆ. ನಡೆದ ಕೆಲಸಕ್ಕೆ ಕಾಲವಿರುತ್ತದೆ, ನಡೆಯದ ಕೆಲಸಕ್ಕೆ ಕಾಲವೆಲ್ಲಿಯದು ಎಂದು ನಮ್ಮ ಪೂರ್ವಿಕರು ಯೋಚಿಸಿ ಮಾಡಿದ್ದೆಂದು ನಾನು ಹೇಳಲಾರೆ, ಆದರೆ ರಚನೆ ಹಾಗೆಯೇ ಇದೆ. ಜಗತ್ತಿನ ಭಾಷೆಗಳು ಸಾಮಾನ್ಯವಾಗಿ ನಿಷೇಧಕ್ಕೆ ಏನನ್ನಾದರೂ ಸೇರಿಸುತ್ತವೆ. ತೆಗೆದು ನಿಷೇಧಿಸುವುದು ಬಹಳ ಅಪರೂಪ. ಆಡುಮಾತಿನಲ್ಲಿ ಇದು ಸವೆದುಹೋಗಿದ್ದರೂ ಸಾಲದು, ತಿಳಿಯದು, ಕೂಡದು, ಒಲ್ಲೆ ಎಂಬಲ್ಲೆಲ್ಲ ಜೀವಂತವಾಗಿದೆ. ಈ ಉತ್ತರದ ಆರಂಭದಲ್ಲಿ ‘ಯಾರಿಂದಲೂ ಆಗದು’ ಎಂದು ಬರೆದಾಗ ನಾನು ಬಳಸಿದ್ದೂ ಅದನ್ನೇ. ಫಿನ್ನಿಶ್ ಭಾಷೆ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ನಿಷೇಧವೇ ಒಂದು ಕ್ರಿಯಾಪದ: ನಾನು ಎಂಬುದಕ್ಕೆ ‘ಎನ್’, ನೀನು ಎಂಬುದಕ್ಕೆ ‘ಎತ್’, ಅವನು ಅಥವಾ ಅವಳು ಎಂಬುದಕ್ಕೆ ‘ಎಯ್’ ಎಂದು ಅದು ರೂಪ ಬದಲಿಸುತ್ತದೆ, ಮುಖ್ಯ ಕ್ರಿಯಾಪದ ಬದಲಾಗದೆ ಪಕ್ಕದಲ್ಲಿ ನಿಂತಿರುತ್ತದೆ.

ಹೌದು, ಇಲ್ಲ ಎಂಬ ಉತ್ತರಗಳೂ ಎಲ್ಲೆಡೆ ಒಂದೇ ಅಲ್ಲ. ‘ನಿಮಗೆ ಮೇಲ್ ಬಂದಿಲ್ವಾ?’ ಎಂದು ಕೇಳಿದರೆ ಬಾರದಿದ್ದಾಗ ‘ಹೂಂ, ಬಂದಿಲ್ಲ’ ಎನ್ನುತ್ತೇವೆ, ಕೇಳಿದವರ ಮಾತು ಸರಿ ಎಂಬ ಅರ್ಥದಲ್ಲಿ. ಜಪಾನಿನವರ ಅಭ್ಯಾಸವೂ ಹೀಗೆಯೇ. ಇಂಗ್ಲಿಷಿನಲ್ಲಿ ಇದೇ ಸಂದರ್ಭಕ್ಕೆ ‘ನೋ’ ಎನ್ನಬೇಕು. ನಮ್ಮೂರಿನ ಆಫೀಸುಗಳಲ್ಲಿ ವಿದೇಶದ ಸಹೋದ್ಯೋಗಿಗಳೊಂದಿಗೆ ಫೋನಿನಲ್ಲಿ ಮಾತನಾಡುವಾಗ ಒಂದು ‘ಎಸ್’ ಎರಡು ಕಡೆ ಎರಡು ಅರ್ಥ ಪಡೆಯುವುದಕ್ಕೆ ಇದೊಂದು ಕಾರಣ. ಐರಿಶ್ ಭಾಷೆಯಲ್ಲಂತೂ ಹೌದು, ಇಲ್ಲ ಎಂಬುದಕ್ಕೆ ಪದಗಳೇ ಇಲ್ಲ. ಪ್ರಶ್ನೆಯಲ್ಲಿರುವ ಕ್ರಿಯಾಪದವನ್ನೇ ಮರಳಿಸಬೇಕು. ‘ಊಟ ಆಯಿತಾ?’ ಎಂದರೆ ‘ಆಯಿತು’ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಇದು ತೀರಾ ಅಪರಿಚಿತವೇನಲ್ಲ.

ಇಂಗ್ಲಿಷಿನ ‘ಹ್ಯಾವ್’ ಎಂಬುದಕ್ಕೆ ಸಮನಾದ ಕ್ರಿಯಾಪದ ಕನ್ನಡದಲ್ಲಿಲ್ಲ ಎಂಬುದೂ ಹಲವರಿಗೆ ಹೊಳೆದಿರುವುದಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ದುಡ್ಡಿದೆ’, ‘ಅವಳಲ್ಲಿ ಧೈರ್ಯವಿದೆ’. ಬಂಧುಗಳಿಗೆ ಒಂದು ಬಗೆ, ಕೈಯಲ್ಲಿರುವ ವಸ್ತುವಿಗೆ ಒಂದು ಬಗೆ, ಗುಣಕ್ಕೆ ಇನ್ನೊಂದು ಬಗೆ. ಮೂರರಲ್ಲಿಯೂ ಹೊಂದಿದವನು ಕರ್ತೃವಲ್ಲ. ಹೊಂದಿದ್ದು ಅವನ ಬಳಿ ಸುಮ್ಮನೆ ಇದೆ. ರಷ್ಯನ್, ಫಿನ್ನಿಶ್, ಟರ್ಕಿಶ್ ಭಾಷೆಗಳೂ ಇರುವಿಕೆಯ ಮೂಲಕವೇ ಒಡೆತನವನ್ನು ಹೇಳುತ್ತವೆ. ಈ ವಿಷಯದಲ್ಲಿ ವಿಚಿತ್ರವೆನಿಸಬೇಕಾದದ್ದು ಕನ್ನಡವಲ್ಲ, ಪಶ್ಚಿಮ ಯುರೋಪಿನ ಭಾಷೆಗಳು.

ಎಣಿಕೆಯಲ್ಲಿಯೂ ಕನ್ನಡ ಒಂದು ಕಟ್ಟಳೆಯನ್ನು ಇಟ್ಟುಕೊಂಡಿದೆ: ಮನೆಗಳಾದರೆ ಎರಡು, ಮೂರು, ಮನುಷ್ಯರಾದರೆ ಇಬ್ಬರು, ಮೂವರು. ‘ಎರಡು ಅತಿಥಿಗಳು’ ಎಂದರೆ ಕಿವಿಗೆ ಒರಟಾಗಿ ಕೇಳಿಸುತ್ತದೆ. ಜಪಾನಿನಲ್ಲಿ ಉದ್ದನೆಯ ವಸ್ತುಗಳಿಗೆ, ಚಪ್ಪಟೆಯವಕ್ಕೆ, ಸಣ್ಣ ಪ್ರಾಣಿಗಳಿಗೆ ಬೇರೆ ಬೇರೆ ಎಣಿಕೆಯ ಗುರುತುಗಳಿವೆ. ರಷ್ಯಾದ ಸಖಾಲಿನ್ ದ್ವೀಪದ ನಿವ್ಖ್ ಭಾಷೆಯಲ್ಲಿ ದೋಣಿಗಳಿಗೆ, ಬಲೆಗಳಿಗೆ, ಮನುಷ್ಯರಿಗೆ ಎಂದು ಇಪ್ಪತ್ತಕ್ಕೂ ಹೆಚ್ಚು ಬಗೆಯ ಸಂಖ್ಯಾರೂಪಗಳಿವೆ. ಪದಗಳ ಕ್ರಮದ ಬಗ್ಗೆ ಇಷ್ಟು ಸಾಕು: ಕನ್ನಡದಂತೆ ಕ್ರಿಯಾಪದವನ್ನು ಕೊನೆಗಿಡುವ ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮ ಜಗತ್ತಿನ ಭಾಷೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆ ಕಾಣುವಂಥದು. ಕರ್ಮವನ್ನೇ ಮೊದಲಿಟ್ಟು ಕರ್ತೃವನ್ನು ಕೊನೆಗಿಡುವ ಭಾಷೆ ಇರಲಾರದೆಂದು ಒಂದು ಕಾಲದಲ್ಲಿ ವಿದ್ವಾಂಸರು ಭಾವಿಸಿದ್ದರು. 1970ರ ದಶಕದಲ್ಲಿ ಡೆಸ್ಮಂಡ್ ಡರ್ಬಿಶೈರ್ ಅವರು ಬ್ರೆಜಿಲ್ ಕಾಡಿನ ಹಿಷ್ಕರ್ಯಾನ ಭಾಷೆಯನ್ನು ವಿವರಿಸಿ ಅದು ಇದೆ ಎಂದು ತೋರಿಸಿದರು.

ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದ್ದರೆ ‘ರಾತ್ರಿ ಮಳೆ ಬಂದಿದೆ’ ಎನ್ನುತ್ತೇವೆ. ಎಚ್ಚರವಿದ್ದು ಸದ್ದು ಕೇಳಿದ್ದವರು ‘ರಾತ್ರಿ ಮಳೆ ಬಂತು’ ಎನ್ನುತ್ತಾರೆ. ಮೈಸೂರಿನಿಂದ ಅಕ್ಕ ಫೋನು ಮಾಡಿ ಹೇಳಿದ್ದರೆ ‘ಮಳೆ ಬಂತಂತೆ’. ಮೋಡ ನೋಡಿ ಕೊಡೆ ತೆಗೆದುಕೊಂಡು ಹೋಗು ಎನ್ನುವ ತಾಯಿ ‘ಮಳೆ ಬಂದೀತು’ ಎನ್ನುತ್ತಾರೆ. ತಿಳಿದದ್ದು ಹೇಗೆ, ಎಷ್ಟು ಖಚಿತ ಎಂಬುದನ್ನು ಕ್ರಿಯಾಪದದ ತುದಿಯಲ್ಲಿ ಇಷ್ಟು ಸೂಕ್ಷ್ಮವಾಗಿ ಹೇಳಬಲ್ಲ ಕನ್ನಡವನ್ನು ಕಂಡು ನಾನು ಹಿಗ್ಗುತ್ತೇನೆ. ಆದರೆ ನಮ್ಮಲ್ಲಿ ‘ಅಂತೆ’ಯನ್ನು ಬಿಟ್ಟು ‘ಮಳೆ ಬಂತು’ ಎಂದರೆ ವ್ಯಾಕರಣ ತಡೆಯುವುದಿಲ್ಲ. ಟರ್ಕಿಶ್ ತಡೆಯುತ್ತದೆ. ಕಣ್ಣಾರೆ ಕಂಡದ್ದಕ್ಕೆ ‘ಗೆಲ್ದಿ’, ಕೇಳಿ ಅಥವಾ ಕುರುಹು ನೋಡಿ ತಿಳಿದದ್ದಕ್ಕೆ ‘ಗೆಲ್ಮಿಷ್’. ಬಂದ ಎಂದು ಹೇಳುವಾಗಲೆಲ್ಲ ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು. ಕೊಲಂಬಿಯಾ ಮತ್ತು ಬ್ರೆಜಿಲ್ ಗಡಿಯ ಕಾಡುಗಳಲ್ಲಿ ಆಡುವ ತುಯುಕ ಭಾಷೆಯಲ್ಲಿ ಆಯ್ಕೆಗಳು ಐದು: ನಾನು ನೋಡಿದೆ; ನೋಡಲಿಲ್ಲ, ಆದರೆ ಸದ್ದು ಕೇಳಿಸಿತು; ಕುರುಹು ಕಂಡಿತು; ಯಾರೋ ಹೇಳಿದರು; ಹಾಗಾಗಿರುವುದು ಸಹಜ ಎಂದು ಊಹಿಸಿದೆ. ಜಾನೆಟ್ ಬಾರ್ನ್ಸ್ ಅವರು 1984ರಲ್ಲಿ ಪ್ರಕಟಿಸಿದ ವಿವರಣೆಯಿಂದ ಇದು ಪ್ರಸಿದ್ಧವಾಯಿತು. ಆ ಭಾಷೆಯಲ್ಲಿ ಸುದ್ದಿ ಹೇಳುವವನು ತನಗೆ ಅದು ಹೇಗೆ ಗೊತ್ತಾಯಿತೆಂದು ಹೇಳದೆ ವಾಕ್ಯ ಮುಗಿಸುವಂತಿಲ್ಲ.

ಈಗ ನಿಮ್ಮ ಮಗಳು ಕೇಳಿ ಬಂದ ಸಂಗತಿ. ಅದು ನಿಜ. ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿರುವ ಗೂಗು ಯಿಮಿಥಿರ್ ಭಾಷೆಯವರು ವಸ್ತುಗಳು ಎಲ್ಲಿವೆ ಎಂದು ಹೇಳಲು ಎಡ, ಬಲಗಳನ್ನು ಬಳಸುವುದಿಲ್ಲ. ಎಡಗೈ, ಬಲಗೈ ಎಂಬ ಪದಗಳು ಅವರಲ್ಲಿದ್ದರೂ ಅವು ಕೈಗಳ ಹೆಸರುಗಳಷ್ಟೇ. ತಟ್ಟೆಯ ಪಕ್ಕದ ಲೋಟವನ್ನು ತುಸು ಪಡುವಣಕ್ಕೆ ಸರಿಸು, ನಿನ್ನ ಉತ್ತರದ ಕಾಲಿನ ಹತ್ತಿರ ಇರುವೆ ಇದೆ ಎನ್ನುವಂತೆ ಅವರ ಮಾತು ಸಾಗುತ್ತದೆ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ‘ಕಾಂಗರೂ’ ಎಂಬ ಪದವನ್ನು ಕೇಳಿ ಬರೆದುಕೊಂಡದ್ದು ಇವರ ಭಾಷೆಯಿಂದಲೇ. ಒಬ್ಬ ಹಿರಿಯರು ತಮ್ಮ ದೋಣಿ ಮಗುಚಿದ ಕಥೆಯನ್ನು 1980ರಲ್ಲಿ ಜಾನ್ ಹ್ಯಾವಿಲೆಂಡ್ ಅವರ ಮುಂದೆ, ಎರಡು ವರ್ಷಗಳ ನಂತರ ಸ್ಟೀಫನ್ ಲೆವಿನ್ಸನ್ ಅವರ ಮುಂದೆ ಹೇಳಿದ ಚಿತ್ರೀಕರಣಗಳಿವೆ. ಎರಡು ಸಲವೂ ಅವರು ಕೂತ ದಿಕ್ಕು ಬೇರೆ. ದೋಣಿ ಉರುಳಿದ್ದನ್ನು ಕೈಯಲ್ಲಿ ತೋರಿಸುವಾಗ ಮಾತ್ರ ಎರಡು ಸಲವೂ ಕೈ ತಿರುಗಿದ್ದು ಅದು ನಿಜವಾಗಿ ಉರುಳಿದ ದಿಕ್ಕಿನಲ್ಲಿಯೇ. ಮೈಯ ಮಟ್ಟಿಗೆ ನೋಡಿದರೆ ಒಮ್ಮೆ ಒಂದು ಕಡೆಗೆ, ಇನ್ನೊಮ್ಮೆ ಮತ್ತೊಂದು ಕಡೆಗೆ.

ಇದರಿಂದ ಅವರ ಮಿದುಳೇ ಬೇರೆ ಎಂದು ಭಾವಿಸುವುದು ತಪ್ಪಾದೀತು. ಪ್ರತಿ ವಾಕ್ಯದಲ್ಲಿಯೂ ದಿಕ್ಕು ಹೇಳಬೇಕಾದಾಗ ದಿಕ್ಕಿನ ಎಚ್ಚರ ಮಗುವಿಗೆ ಚಿಕ್ಕಂದಿನಿಂದಲೇ ಅಭ್ಯಾಸವಾಗುತ್ತದೆ, ನಮ್ಮ ಮಕ್ಕಳಿಗೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬ ಎಚ್ಚರ ಅಭ್ಯಾಸವಾಗುವಂತೆ. ದಿಕ್ಕಿನಲ್ಲಿ ಮಾತನಾಡುವುದು ನಮ್ಮ ನಾಡಿಗೂ ಹೊಸದಲ್ಲ. ಕರಾವಳಿಯ ಮೂಡುಬಿದಿರೆ ಮತ್ತು ಪಡುಬಿದ್ರಿಗಳ ಹೆಸರಿನಲ್ಲಿ ಮೂಡಣ ಪಡುವಣಗಳಿವೆ, ಯಕ್ಷಗಾನದ ತಿಟ್ಟುಗಳಲ್ಲಿ ತೆಂಕು ಬಡಗುಗಳಿವೆ. ಹಳ್ಳಿಯಲ್ಲಿ ಬೆಳೆದ ಹಿರಿಯರು ಇಂದಿಗೂ ‘ಮೂಡ್ಲು ಕಡೆ ಹೊಲ’ ಎನ್ನುತ್ತಾರೆ. ಮೆಟ್ರೊ ನಿಲ್ದಾಣದಿಂದ ಹೊರಬಂದು ಯಾವ ದಿಕ್ಕಿಗೆ ನಿಂತಿದ್ದೇವೆಂದು ತಿಳಿಯದೆ ಫೋನು ನೋಡುವ ನಾವು ಆ ಅಭ್ಯಾಸವನ್ನು ಒಂದೆರಡು ತಲೆಮಾರುಗಳಲ್ಲಿ ಬಿಟ್ಟುಕೊಟ್ಟವರು.

ಧ್ವನಿಗಳ ಕಡೆಗೆ ತಿರುಗಿದರೆ, ಅಲ್ಲಿ ಲೆಕ್ಕ ಕೇಳಿಸಿಕೊಳ್ಳುವುದು ಕಿವಿ. ಬೆಲೆ ಮತ್ತು ಬೆಳೆ, ಹಾಲು ಮತ್ತು ಹಾಳು ನಮಗೆ ಹಗಲು ರಾತ್ರಿಯಷ್ಟು ಬೇರೆ. ಲಕ್ನೋದಿಂದ ಬಂದ ನಿಮ್ಮ ನೆರೆಯವರಿಗೆ ಎರಡೂ ಒಂದೇ ರೀತಿ ಕೇಳಿಸಿದರೆ ಅದು ಅಸಡ್ಡೆಯಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂಗ್ಲಿಷ್ ಆಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತಕಾರ, ಟಕಾರಗಳ ವ್ಯತ್ಯಾಸವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಹೆಚ್ಚಿನ ಕೂಸುಗಳಲ್ಲಿ ಆ ಶಕ್ತಿ ಉಳಿದಿರಲಿಲ್ಲ. ತನ್ನ ಮನೆಯ ಭಾಷೆ ಕೇಳದ ಭೇದವನ್ನು ಕಿವಿ ಮೊದಲ ವರ್ಷದಲ್ಲಿಯೇ ಪಕ್ಕಕ್ಕಿಡುತ್ತದೆ. ದೊಡ್ಡವರಾದ ಮೇಲೆ ಅದನ್ನು ಮರಳಿ ಕಲಿಯಬಹುದು, ಆದರೆ ಶ್ರಮ ಬೇಕು. ಳಕಾರವನ್ನು ಕಷ್ಟಪಟ್ಟು ಉಚ್ಚರಿಸುವವರನ್ನು ಕಂಡಾಗ ನಾವು ಇದನ್ನು ನೆನೆಯಬೇಕು.

ಭಾಷೆಗಳೂ ಒಟ್ಟಾಗಿ ಇಂಥ ಭೇದಗಳನ್ನು ಬಿಟ್ಟುಬಿಡುತ್ತವೆ. ಹಳಗನ್ನಡದ ಮೞೆ, ಕೋೞಿ, ಬಾೞೆಗಳಲ್ಲಿದ್ದ ೞ ಎಂಬ ಧ್ವನಿ ಇಂದಿನ ಕನ್ನಡದಲ್ಲಿ ಳಕಾರದೊಂದಿಗೆ ಬೆರೆತುಹೋಗಿದೆ. ತಮಿಳು, ಮಲಯಾಳಂಗಳಲ್ಲಿ ಅದು ಇನ್ನೂ ಇದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರವನ್ನು ವಿಶೇಷವಾಗಿ ಗಮನಿಸಿ ಅದರ ಬಳಕೆಯನ್ನು ವಿವರಿಸಿದ. ಪದದ ಮೊದಲ ಪಕಾರವೂ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ನಮ್ಮೊಂದಿಗೆ ಯಾವ ನಂಟೂ ಇಲ್ಲದ ಜಪಾನಿ ಭಾಷೆಯಲ್ಲಿಯೂ ಇದೇ ನಡೆಯಿತು. ಹೂವಿಗೆ ಅಲ್ಲಿ ಇಂದು ‘ಹನ’ ಎನ್ನುವುದು ಹಿಂದೆ ‘ಪನ’ ಆಗಿತ್ತು. ತುಟಿ ಮುಚ್ಚಿ ತೆರೆಯುವ ಶ್ರಮವನ್ನು ಬಾಯಿ ಈ ಎರಡೂ ಕಡೆ ಒಂದೇ ರೀತಿಯಲ್ಲಿ ಕಡಿಮೆ ಮಾಡಿಕೊಂಡಿದೆ.

ಧ್ವನಿಗಳ ಸಂಖ್ಯೆಯಲ್ಲಿರುವ ಅಂತರವಂತೂ ನಂಬಲು ಕಷ್ಟವಾಗುವಷ್ಟಿದೆ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಸ್ ಭಾಷೆಯ ಒಂದು ಪ್ರಭೇದ ಆರೇ ವ್ಯಂಜನಗಳಲ್ಲಿ ನಡೆಯುತ್ತದೆ. ಕಾಕಸಸ್ ಪ್ರದೇಶದ ಉಬಿಖ್ ಭಾಷೆಯಲ್ಲಿ 84 ವ್ಯಂಜನಗಳಿದ್ದವು, ಸ್ವರಗಳು ಎರಡೇ ಎಂದು ವಿಶ್ಲೇಷಿಸಲಾಗಿದೆ. ‘ಇದ್ದವು’ ಎನ್ನಬೇಕಾಗಿದೆ, ಏಕೆಂದರೆ ಅದನ್ನು ಸರಾಗವಾಗಿ ಆಡಬಲ್ಲ ಕೊನೆಯ ವ್ಯಕ್ತಿ ತೆವ್ಫಿಕ್ ಎಸೆಂಚ್ 1992ರ ಅಕ್ಟೋಬರಿನಲ್ಲಿ ಟರ್ಕಿಯಲ್ಲಿ ತೀರಿಕೊಂಡರು. ಮನುಷ್ಯನ ಬಾಯಿ ಮಾಡಬಲ್ಲ ಅಷ್ಟೊಂದು ಭೇದಗಳನ್ನು ನಿತ್ಯದ ಮಾತಿನಲ್ಲಿ ಬಳಸುತ್ತಿದ್ದ ಒಂದು ಸಮುದಾಯದ ಕಿವಿ ಅವರೊಂದಿಗೆ ಹೋಯಿತು. ಇದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಅಯ್ಯೋ ಎನ್ನುವಾಗ ನಾವು ಲೊಚಗುಟ್ಟುವ ಸದ್ದು, ಎತ್ತುಗಳನ್ನು ಹುರಿದುಂಬಿಸಲು ಕೆನ್ನೆಯ ಬದಿಯಿಂದ ಮಾಡುವ ಸದ್ದು, ಇವೆರಡೂ ದಕ್ಷಿಣ ಆಫ್ರಿಕದ ಜುಲು ಮತ್ತು ಖೋಸಾ ಭಾಷೆಗಳಲ್ಲಿ ನಮ್ಮ ಕ, ಚ, ಟಗಳಂತೆಯೇ ವ್ಯಂಜನಗಳು. ಖೋಸಾ ಎಂಬ ಹೆಸರಿನ ಮೊದಲ ಧ್ವನಿಯೇ ಆ ಕೆನ್ನೆಯ ಬದಿಯ ಸದ್ದು. ನಮ್ಮ ಬಾಯಿಗೂ ಅದು ಬರುತ್ತದೆ, ನಮ್ಮ ಭಾಷೆ ಮಾತ್ರ ಅದನ್ನು ಪದದೊಳಗೆ ಸೇರಿಸಿಕೊಂಡಿಲ್ಲ. ಸ್ವರದ ಏರಿಳಿತದಿಂದ ಪದದ ಅರ್ಥವೇ ಬದಲಾಗುವುದು ಚೀನೀ ಭಾಷೆಗೆ ಸೀಮಿತ ಎಂದು ಹಲವರು ತಿಳಿದಿದ್ದಾರೆ. ಪಂಜಾಬಿಯಲ್ಲಿಯೂ ಅದಿದೆ. ಬರಹದಲ್ಲಿ ಘಕಾರವಿರುವ ಕುದುರೆಯ ಪದವನ್ನು ಅವರು ತಗ್ಗಿದ ಸ್ವರದ ‘ಕೋಡಾ’ ಎಂದು ಉಚ್ಚರಿಸುತ್ತಾರೆ. ಸಮಸ್ವರದಲ್ಲಿ ಹೇಳಿದರೆ ಚಾಟಿ, ಏರುಸ್ವರದಲ್ಲಿ ಹೇಳಿದರೆ ಕುಷ್ಠರೋಗಿ. ಹಳೆಯ ಮಹಾಪ್ರಾಣದ ಉಸಿರು ಅಲ್ಲಿ ಸ್ವರದ ಎತ್ತರವಾಗಿ ಉಳಿದುಕೊಂಡಿದೆ.

ಇನ್ನು ಮಗಳ ಹೋಂವರ್ಕ್. ಯಾರು ಬಂದರೆಂದು ಅವಳೇ ತೀರ್ಮಾನಿಸಿಕೊಂಡು ‘ನಿನ್ನೆ ನನ್ನ ಅತ್ತೆಯ ಮಗಳು ಬಂದಳು’ ಎಂದೋ, ‘ನಿನ್ನೆ ನಮ್ಮ ದೊಡ್ಡಮ್ಮನ ಮಗ ಅಣ್ಣ ಬಂದಿದ್ದರು’ ಎಂದೋ ಬರೆಯಲಿ; ಎರಡೂ ಸರಿ. ಇಂಗ್ಲಿಷ್ ವಾಕ್ಯದಲ್ಲಿಲ್ಲದ ಯಾವ ಯಾವ ಸಂಗತಿಯನ್ನು ತಾನು ಸೇರಿಸಬೇಕಾಯಿತು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಹೇಳಲಿ. ಆಮೇಲೆ ಬಿಡುವಾದಾಗ ಅದೇ ವಾಕ್ಯವನ್ನು ನಿಮ್ಮ ನೆರೆಯವರ ಬಳಿ ಒಯ್ಯಲಿ. ತಮಿಳಿನವರೂ ತೆಲುಗಿನವರೂ ನಿಮ್ಮಂತೆಯೇ ‘ಯಾವ ಕಡೆಯ ಕಸಿನ್?’ ಎಂದು ಕೇಳಿಯಾರು. ಬಂಗಾಳಿಯವರೂ ಮಾವನ ಕಡೆಯೋ ಚಿಕ್ಕಪ್ಪನ ಕಡೆಯೋ ಎಂದು ವಿಚಾರಿಸಿಯಾರು, ಆದರೆ ಅವರ ಕ್ರಿಯಾಪದ ‘ಎಲೋ’ ಅಥವಾ ‘ಎಲೇನ್’ ಎಂದು ಗೌರವವನ್ನಷ್ಟೇ ಹೇಳುತ್ತದೆ. ಬಂದವರು ಗಂಡೋ ಹೆಣ್ಣೋ ಎಂಬುದನ್ನು ಅದು ಕೇಳುವುದೇ ಇಲ್ಲ.